ಟಮೋಟ ಬಾಕ್ಸಿನ ಕೊನೆಯ ದಾರಿ

ಅಕ್ಕಂದಿರೇ, ನಮ್ಮ ವೇಮಗಲ್ ಕಡೆ ಟಮೋಟ ಕೀಳೋದು ಹೆಚ್ಚಾಗಿ ನಾವೇ. ಬಗ್ಗಿ ಬಗ್ಗಿ ಸೊಂಟ ನೋಯುತ್ತೆ. ಕಿತ್ತ ಹಣ್ಣು ಆರಿಸಿ ಬಾಕ್ಸಿಗೆ ತುಂಬುತ್ತೇವೆ. ಒಂದು ಬಾಕ್ಸಿಗೆ 15 ಕಿಲೋ. ಬಾಕ್ಸು ಟೆಂಪೋ ಹತ್ತಿದರೆ ನಮ್ಮ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ? ಬನ್ನಿ, ಬಾಕ್ಸಿನ ಹಿಂದೆಯೇ ಹೋಗಿ ನೋಡೋಣ.

ಮೊದಲು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆ. ಏಷ್ಯಾದ ದೊಡ್ಡ ಟಮೋಟ ಮಾರುಕಟ್ಟೆಗಳಲ್ಲಿ ಇದೂ ಒಂದು. ಅಲ್ಲಿ ಮಂಡಿಯಲ್ಲಿ ಹರಾಜು ಆಗುತ್ತೆ. 2023ರ ಜುಲೈ ತಿಂಗಳಲ್ಲಿ ಒಂದು ಬಾಕ್ಸಿನ ಬೆಲೆ 2000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಇದೇ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ಹರಾಜಾದ ಹಣ್ಣು ಲಾರಿ ಹತ್ತುತ್ತೆ. ಬೆಂಗಳೂರಿಗೂ ಹೋಗುತ್ತೆ, ಬೇರೆ ರಾಜ್ಯಗಳಿಗೂ ಹೋಗುತ್ತೆ.

ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ರಾತ್ರಿ ಹೊರಟ ಲಾರಿ ಹೆದ್ದಾರಿಯಲ್ಲಿ ಸಲೀಸಾಗಿ ಹೋಗಿ ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆ ಸೇರುತ್ತೆ. ಕಷ್ಟ ಶುರುವಾಗೋದು ಅಲ್ಲಿಂದ ಮುಂದೆ. ಮಾರುಕಟ್ಟೆಯಿಂದ ಬಡಾವಣೆಯ ಅಂಗಡಿಗೆ ಐದಾರು ಕಿಲೋಮೀಟರ್ ಇರಬಹುದು. ದಾರಿ ಚಿಕ್ಕದು, ಖರ್ಚು ದೊಡ್ಡದು. ಯಾಕೆ?

ದೊಡ್ಡ ಲಾರಿ ಗಲ್ಲಿಯೊಳಗೆ ಹಿಡಿಸೋದಿಲ್ಲ. ಜನಸಂದಣಿಯ ಹೊತ್ತಿನಲ್ಲಿ ಅದನ್ನು ಮುಖ್ಯ ರಸ್ತೆಗಳಿಗೆ ಬಿಡೋದೂ ಇಲ್ಲ. ಅದಕ್ಕೇ ಸರಕು ಇಳಿಸಿ ಚಿಕ್ಕ ಗಾಡಿಗೆ ಏರಿಸಬೇಕು. ಇಳಿಸೋದಕ್ಕೂ ಏರಿಸೋದಕ್ಕೂ ಹಮಾಲಿ ಕೂಲಿ. ಒಂದು ಅಂಗಡಿಗೆ ಎರಡು ಬಾಕ್ಸು, ಇನ್ನೊಂದಕ್ಕೆ ಮೂರು. ಪ್ರತಿ ಅಂಗಡಿ ಮುಂದೆ ನಿಲ್ಲಬೇಕು. ನಿಲ್ಲಿಸಲು ಜಾಗ ಇಲ್ಲ. ಅಂಗಡಿ ಬಾಗಿಲು ತೆಗೆದಿಲ್ಲದಿದ್ದರೆ ಕಾಯಬೇಕು. ಬಿಸಿಲಿಗೆ ಹಣ್ಣು ಮೆತ್ತಗಾಗುತ್ತೆ. ಈ ಖರ್ಚನ್ನೆಲ್ಲ ಯಾರು ಕೊಡೋದು? ಕೊಳ್ಳುವವರು ಹೆಚ್ಚು ಕೊಡಬೇಕು, ಇಲ್ಲವೇ ಬೆಳೆದವರಿಗೆ ಕಡಿಮೆ ಸಿಗಬೇಕು.

ಒಂದು ಲೆಕ್ಕ ಮಾಡೋಣ. ಗಾಡಿ ಬಾಡಿಗೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. 20 ಬಾಕ್ಸು ಹಾಕಿದರೆ ಬಾಕ್ಸಿಗೆ 30 ರೂಪಾಯಿ ಬೀಳುತ್ತೆ. 50 ಬಾಕ್ಸು ಹಾಕಿದರೆ 12 ರೂಪಾಯಿ. ಅದೇ ಗಾಡಿ, ಅದೇ ರಸ್ತೆ. ಬಾಕ್ಸಿಗೆ 18 ರೂಪಾಯಿ ಉಳೀತು!

ಕೊನೆಯ ದಾರಿಯ ಖರ್ಚು ಇಳಿಸಲು ಜಾಣರು ಹೀಗೆ ಮಾಡುತ್ತಾರೆ:

1. ಒಂದೇ ಕಡೆ ಹೋಗುವ ಸರಕನ್ನು ಒಂದೇ ಗಾಡಿಗೆ ತುಂಬುತ್ತಾರೆ.
2. ಬೆಳಕು ಹರಿಯುವ ಮುಂಚೆ, ರಸ್ತೆ ಖಾಲಿ ಇರುವಾಗ ಹೊರಡುತ್ತಾರೆ.
3. ಅಂಗಡಿಗಳ ಪಟ್ಟಿಯನ್ನು ದಾರಿಯ ಸಾಲಿನಲ್ಲೇ ಬರೆಯುತ್ತಾರೆ. ಮೊದಲ ಅಂಗಡಿಯ ಬಾಕ್ಸನ್ನು ಕೊನೆಗೆ ಏರಿಸುತ್ತಾರೆ. ಅದು ಬಾಗಿಲ ಹತ್ತಿರವೇ ಸಿಗುತ್ತೆ.
4. ಮುಂಚೆಯೇ ಫೋನು ಮಾಡಿ ಅಂಗಡಿಯವರಿಗೆ ತಿಳಿಸುತ್ತಾರೆ.
5. ವಾಪಸ್ಸು ಬರುವಾಗ ಗಾಡಿ ಬರಿದಾಗಿ ಬರೋದಿಲ್ಲ. ಖಾಲಿ ಬಾಕ್ಸುಗಳನ್ನು ತರುತ್ತೆ.

2005ರಲ್ಲಿ ಟಾಟಾ ಏಸ್ ಎಂಬ ಚಿಕ್ಕ ಗಾಡಿ ಬಂತು. ಜನ ಅದನ್ನು 'ಚೋಟಾ ಹಾಥಿ' ಅಂದರು, ಅಂದರೆ ಪುಟ್ಟ ಆನೆ. ಸುಮಾರು ಮುಕ್ಕಾಲು ಟನ್ ಹೊರುತ್ತೆ, ಗಲ್ಲಿಯಲ್ಲೂ ನುಗ್ಗುತ್ತೆ. ಇನ್ನು ಹಾಪ್‌ಕಾಮ್ಸ್ ನಿಮಗೆ ಗೊತ್ತಲ್ಲ? ಅದು 1959ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಘ. ರೈತರಿಂದ ಕೊಂಡ ಹಣ್ಣು ತರಕಾರಿಯನ್ನು ಒಂದೆಡೆ ಸೇರಿಸಿ ತನ್ನ ಮಳಿಗೆಗಳಿಗೆ ಹಂಚುತ್ತೆ.

ಮುಂಬೈಯ ಡಬ್ಬಾವಾಲಾಗಳ ಕಥೆಯೂ ಕೇಳಿ. 1890ರಿಂದ ಅವರು ಮನೆಯ ಊಟವನ್ನು ಕಚೇರಿಗೆ ಮುಟ್ಟಿಸುತ್ತಾ ಬಂದಿದ್ದಾರೆ. ಒಂದು ಡಬ್ಬಿ ಹಲವರ ಕೈ ದಾಟುತ್ತೆ. ಆದರೂ ತಪ್ಪೋದು ತೀರಾ ಅಪರೂಪ. ಮುಚ್ಚಳದ ಮೇಲೆ ಬಣ್ಣ, ಒಂದೆರಡು ಅಕ್ಷರ, ಒಂದೆರಡು ಅಂಕಿ ಇರುತ್ತೆ. ಅಷ್ಟೇ ಅದರ ವಿಳಾಸ! ಹೆಚ್ಚು ಓದದವರೂ ಅದನ್ನು ಓದುತ್ತಾರೆ.

ಅಕ್ಕಂದಿರೇ, ಈಗ ನಮಗೂ ಅಕ್ಷರ ಬಂದಿದೆ, ಅಂಕಿ ಬಂದಿದೆ. ಪಕ್ಕದ ಹೊಲದವರ ಜೊತೆ ಸೇರಿ ಒಂದೇ ಟೆಂಪೋ ಮಾಡೋಣ. ಬಾಕ್ಸಿನ ಮೇಲೆ ನಮ್ಮ ಗುರುತು ಬರೆಯೋಣ. ಎಷ್ಟು ಬಾಕ್ಸು, ಯಾವ ಮಂಡಿ, ಬಾಡಿಗೆ ಎಷ್ಟು ಅಂತ ಚೀಟಿಯಲ್ಲಿ ಬರೆದಿಡೋಣ. ಮಂಡಿಯಿಂದ ಬಂದ ಚೀಟಿಯ ಪಕ್ಕ ಅದನ್ನು ಇಟ್ಟು ನೋಡೋಣ. ಎರಡೂ ತಾಳೆ ಆಗದಿದ್ದರೆ ಕೇಳೋಣ. ಬೆಲೆ ನಮ್ಮ ಕೈಲಿಲ್ಲ. ದಾರಿಯಲ್ಲಿ ಸೋರುವ ದುಡ್ಡನ್ನು ಹಿಡಿಯೋದು ನಮ್ಮ ಕೈಲಿದೆ.