ಕಾವಲುಗಾರರಿಗೊಬ್ಬ ಕಾವಲುಗಾರ

ಬೇಸಗೆ ಬಂತೆಂದರೆ ಪುತ್ತೂರು, ಸುಳ್ಯ, ಕಡಬಗಳ ಗುಡ್ಡಗಳಲ್ಲಿ ಗೇರುಹಣ್ಣಿನ ಪರಿಮಳ ತುಂಬಿರುತ್ತದೆ. ಬೀಜ ಹೆಕ್ಕಲು ಹೊರಟ ಮಕ್ಕಳಿಗೆ ಹಿರಿಯರು ಹೇಳುವ ಎಚ್ಚರಿಕೆ ಒಂದೇ: ಸಿಪ್ಪೆಯ ಸೊನೆ ಮೈಗೆ ತಾಗಬಾರದು. ತಾಗಿದರೆ ಚರ್ಮ ಸುಡುವುದುಂಟು. ಕೆಲವರಿಗಂತೂ ಸೊನೆಯನ್ನು ತೊಳೆದು ಒಂದೆರಡು ದಿನ ಕಳೆದ ಮೇಲೆ ತುರಿಕೆ, ಬಾವು, ನೀರುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಅವು ಇಷ್ಟು ತಡವಾಗಿ ಏಕೆ ಏಳುತ್ತವೆ? ಎದ್ದವು ಕೆಲವು ವಾರಗಳಲ್ಲಿ ಏಕೆ ಅಡಗುತ್ತವೆ?

ತಡವಾಗಿ ಏಳುವ ಈ ಗುಳ್ಳೆಗಳು ನಮ್ಮ ದೇಹದ ಕಾವಲುಪಡೆಯ ಕೆಲಸ. ಸೊನೆಯ ಅಂಶಗಳು ಚರ್ಮದ ಪ್ರೋಟೀನುಗಳೊಡನೆ ಸೇರಿ ಅವುಗಳ ರೂಪವನ್ನು ಬದಲಿಸುತ್ತವೆ. ಟಿ-ಕಣಗಳೆಂಬ ಬಿಳಿಯ ರಕ್ತಕಣಗಳು ಅವನ್ನು ಪರಕೀಯವೆಂದು ಬಗೆದು ಮುತ್ತುತ್ತವೆ. ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲ ಇಮ್ಮಡಿಸಿದರೆ 1024 ಆಗುತ್ತದೆ. ಈ ಏರಿಕೆಗೆ ಕೊನೆಯೆಲ್ಲಿ? ಸಂಪಾಜೆ ಘಟ್ಟವನ್ನಿಳಿದು ಸುಳ್ಯಕ್ಕೆ ಬರುವ ಬಸ್ಸನ್ನು ನೆನೆಯೋಣ. ಎಂಜಿನು ಎಷ್ಟೇ ಬಲವಾಗಿರಲಿ, ಬ್ರೇಕಿಲ್ಲದ ಬಸ್ಸನ್ನು ಯಾರೂ ಹತ್ತುವುದಿಲ್ಲ.

ದೇಹದ ಬ್ರೇಕನ್ನು ಕಂಡುಹಿಡಿದವರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಪ್ರಮುಖರು. ಸಿಡಿ-25 ಎಂಬ ಗುರುತುಳ್ಳ ಟಿ-ಕಣಗಳನ್ನು ಬೇರ್ಪಡಿಸಿ, ಉಳಿದವನ್ನು ಮಾತ್ರ ಟಿ-ಕಣಗಳಿಲ್ಲದ ಇಲಿಗಳಿಗೆ ಕೊಟ್ಟಾಗ, ಅವು ಇಲಿಯ ಸ್ವಂತ ಅಂಗಗಳನ್ನೇ ಕೆಡಿಸಿದುವೆಂದು ಅವರು 1995ರಲ್ಲಿ ತೋರಿಸಿದರು. ಬೇರ್ಪಡಿಸಿದವನ್ನೂ ಕೂಡಿಸಿದಾಗ ಆ ಕೇಡು ತಪ್ಪಿತು. ಇವೇ ನಿಯಂತ್ರಕ ಟಿ-ಕಣಗಳು. ಚರ್ಮ ಹಕ್ಕಳೆಗಟ್ಟಿ ಎಳೆಯದರಲ್ಲೇ ಸಾಯುವ ಒಂದು ಇಲಿಯ ತಳಿಯಲ್ಲಿ ಕೆಟ್ಟಿರುವ ವಂಶವಾಹಿಯನ್ನು ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಗುರುತಿಸಿದರು. ಫಾಕ್ಸ್‌ಪಿ-3 ಎಂಬ ಆ ವಂಶವಾಹಿಯೇ ನಿಯಂತ್ರಕ ಕಣಗಳನ್ನು ರೂಪಿಸುವುದೆಂದು 2003ರಲ್ಲಿ ಸ್ಪಷ್ಟವಾಯಿತು. 2025ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಈ ಮೂವರಿಗೂ ಸಂದಿತು.

ಇವು ಬ್ರೇಕು ಹಾಕುವ ಬಗೆ ಹಲವು. ಟಿ-ಕಣಗಳ ವೃದ್ಧಿಗೆ ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ವಸ್ತುವನ್ನು ತಾವೇ ಹೀರಿಕೊಂಡು ಉಳಿದವಕ್ಕೆ ಕೊರತೆ ಮಾಡುತ್ತವೆ. ಉರಿಯನ್ನು ತಣಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಕಾವಲುಪಡೆಯನ್ನು ಕೆರಳಿಸುವ ಕಣಗಳನ್ನು ಸುಮ್ಮನಾಗಿಸುತ್ತವೆ. ಗೇರುಸೊನೆಯ ಗುಳ್ಳೆ ಅಡಗುವುದಕ್ಕೆ ಸೊನೆಯ ಅಂಶ ಕಳೆದುಹೋಗುವುದು ಒಂದು ಕಾರಣವಾದರೆ, ಈ ಕಣಗಳ ಸಂಯಮ ಮತ್ತೊಂದು.

ಈ ಸಂಯಮದ ಬೆಲೆ ಅದನ್ನು ಪಡೆಯದೆ ಹುಟ್ಟಿದ ಶಿಶುಗಳಲ್ಲಿ ತಿಳಿಯುತ್ತದೆ. ಫಾಕ್ಸ್‌ಪಿ-3 ಕೆಟ್ಟಿರುವ ಗಂಡುಶಿಶುಗಳಿಗೆ ತೀವ್ರ ಭೇದಿ, ಸಿಹಿಮೂತ್ರ, ಚರ್ಮರೋಗಗಳು ಒಟ್ಟೊಟ್ಟಿಗೆ ಬರುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಬಹುಮಟ್ಟಿಗೆ ಎಳವೆಯಲ್ಲೇ ಸಾವು. ಇನ್ನೊಬ್ಬರ ಆಕರಕೋಶಗಳನ್ನು ಕಸಿಮಾಡಿ ಕೆಲವರನ್ನು ಉಳಿಸಿಕೊಳ್ಳಲಾಗಿದೆ. ಬ್ರೇಕು ಅತಿಯಾದರೂ ಅಪಾಯವೇ. ಅನೇಕ ಅರ್ಬುದ ಗಡ್ಡೆಗಳು ಈ ಕಣಗಳನ್ನು ತಮ್ಮ ಸುತ್ತ ಸೇರಿಸಿಕೊಂಡು ಕಾವಲುಪಡೆಯಿಂದ ಪಾರಾಗುತ್ತವೆ.

ರೋಗನಿರೋಧ ಶಕ್ತಿಯನ್ನು ಹೆಚ್ಚಿಸುವೆವೆಂಬ ಜಾಹೀರಾತುಗಳನ್ನು ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ಹೆಚ್ಚಿದ ಶಕ್ತಿ ಎಲ್ಲಿ ನಿಲ್ಲಬೇಕು, ಅದನ್ನು ನಿಲ್ಲಿಸುವವರಾರು ಎಂದೂ ಅವರು ಕೇಳಬೇಕೆಂಬುದು ನಮ್ಮ ಅಪೇಕ್ಷೆ.