ಗ್ರ್ಯಾಂಡ್ ಕ್ಯಾನ್ಯನ್: ಯಾವ ಅಂಚಿಗೆ ಹೋಗುವುದು?

ಮಕ್ಕಳು ಅಮೆರಿಕದಲ್ಲಿ ನೆಲೆಸಿದ ಮೇಲೆ ಬೆಂಗಳೂರಿನ ನಿವೃತ್ತರ ಬೆಳಗಿನ ನಡಿಗೆಯ ಮಾತುಕತೆಗೆ ಹೊಸದೊಂದು ಭೂಗೋಳ ಸೇರಿಕೊಂಡಿದೆ. ನಯಾಗರ ಆಯಿತೆ ಎಂಬ ಪ್ರಶ್ನೆಯ ಬೆನ್ನಿಗೇ ಗ್ರ್ಯಾಂಡ್ ಕ್ಯಾನ್ಯನ್ ಆಯಿತೆ ಎಂಬ ಪ್ರಶ್ನೆ ಬರುತ್ತದೆ. ‘ಆಯಿತು’ ಎಂದವರನ್ನು ತುಸು ಕೆದಕಿದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ. ಒಬ್ಬರು ಗಾಜಿನ ಸೇತುವೆಯ ಮೇಲೆ ನಡೆದು ಬಂದಿರುತ್ತಾರೆ. ಇನ್ನೊಬ್ಬರು ಕಲ್ಲಿನ ಕಟ್ಟೆಯ ಮೇಲೆ ಕುಳಿತು ಸೂರ್ಯಾಸ್ತ ನೋಡಿರುತ್ತಾರೆ. ಮತ್ತೊಬ್ಬರು ಕುದುರೆ ಲಾಳದಂತೆ ಬಾಗಿದ ಹಸಿರು ನದಿಯ ಚಿತ್ರ ತೋರಿಸುತ್ತಾರೆ. ಆ ಕೊನೆಯದು ಪೇಜ್ ಎಂಬ ಊರಿನ ಬಳಿಯ ಹಾರ್ಸ್‌ಶೂ ಬೆಂಡ್. ಅದು ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಹೊರಗಿದೆ ಎಂದರೆ ಅವರಿಗೆ ಬೇಸರವಾಗುತ್ತದೆ.

ಅರಿಜೋನಾ ರಾಜ್ಯದಲ್ಲಿ ಕೊಲರಾಡೊ ನದಿ ಕೊರೆದಿರುವ ಈ ಕಮರಿಯ ಉದ್ದ 446 ಕಿ.ಮೀ. ಅಗಲ ಕೆಲವೆಡೆ 29 ಕಿ.ಮೀ., ಆಳ ಒಂದು ಮೈಲಿಗೂ ಮಿಗಿಲು. ದಕ್ಷಿಣದ ಅಂಚಿನಲ್ಲಿ ನಿಂತರೆ ಉತ್ತರದ ಅಂಚು ಎದುರಿಗೇ ಕಾಣುತ್ತದೆ. ಹಕ್ಕಿ ಹಾರುವ ದೂರ ಸುಮಾರು 16 ಕಿ.ಮೀ. ಕಾರಿನಲ್ಲಿ ಹೋಗುವುದಾದರೆ 345 ಕಿ.ಮೀ. ಸುತ್ತಬೇಕು, ಐದು ಗಂಟೆ ಬೇಕು. ಎರಡು ದಿನದ ರಜೆಯಲ್ಲಿ ಎಲ್ಲವನ್ನೂ ನೋಡುತ್ತೇವೆಂದು ಹೊರಡುವವರು ಹೆಚ್ಚಾಗಿ ರಸ್ತೆಯನ್ನೇ ನೋಡಿ ಬರುತ್ತಾರೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಬಾಯಿಪಾಠ ಮಾಡುತ್ತಿದ್ದ ‘ಅವಕಾಶ ವೆಚ್ಚ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅರವತ್ತು ದಾಟಿದವರ ಪಾಲಿಗೆ ಆ ವೆಚ್ಚ ಇನ್ನೂ ಹೆಚ್ಚು. ಇನ್ನೊಮ್ಮೆ ಬಂದಾಗ ನೋಡೋಣ ಎಂಬುದು ಮೂವತ್ತರವರ ಮಾತು.

2023ರ ಏಪ್ರಿಲಿನಲ್ಲಿ ನಮ್ಮ ಮನೆಯಲ್ಲೂ ಈ ಚರ್ಚೆ ನಡೆಯಿತು. ಲಾಸ್ ವೇಗಸ್‌ನಲ್ಲಿ ಇಳಿದುಕೊಂಡಿದ್ದೆವು. ‘ಮಾವ, ಪಶ್ಚಿಮದ ಕಡೆಗೆ ಹೋದರೆ ಎರಡೂವರೆ ಗಂಟೆ ದಾರಿ, ಸಂಜೆಗೆಲ್ಲ ವಾಪಸು ಬರಬಹುದು’ ಎಂದು ಅಳಿಯಂದಿರು ಹೇಳಿದರು. ದಕ್ಷಿಣದ ಅಂಚಿಗೆ ಸುಮಾರು 450 ಕಿ.ಮೀ.; ಅಲ್ಲಿ ರಾತ್ರಿ ತಂಗಲೇಬೇಕು. ನನ್ನ ಹೆಂಡತಿಗೆ ಮಂಡಿನೋವು. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ಕೂತುಕೊಂಡು ನೋಡಬಹುದು?’ ದಕ್ಷಿಣವೆಂದು ತೀರ್ಮಾನವಾಯಿತು.

ಪ್ರವಾಸಿಗರಲ್ಲಿ ಬಹುಪಾಲು ಜನ ದಕ್ಷಿಣದ ಅಂಚಿಗೇ ಹೋಗುತ್ತಾರೆ. ಅದಕ್ಕೆ ನೋಟದ ಚೆಲುವಿಗಿಂತ ದೊಡ್ಡ ಕಾರಣ ರೈಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜನ ಫ್ಲ್ಯಾಗ್‌ಸ್ಟಾಫ್‌ನಿಂದ ಕುದುರೆ ಗಾಡಿಯಲ್ಲಿ ಹೊರಟು ಗ್ರ್ಯಾಂಡ್‌ವ್ಯೂ ಎಂಬಲ್ಲಿದ್ದ ಹೋಟೆಲಿಗೆ ಹೋಗುತ್ತಿದ್ದರು. 1901ರಲ್ಲಿ ಸಾಂಟಾ ಫೆ ರೈಲು ಅಲ್ಲಿಂದ ಪಶ್ಚಿಮಕ್ಕೆ ಕೆಲವು ಮೈಲಿ ದೂರದಲ್ಲಿ ಅಂಚನ್ನು ಮುಟ್ಟಿತು. 1905ರಲ್ಲಿ ನಿಲ್ದಾಣದ ಮೇಲುಗಡೆಯೇ ಎಲ್ ತೊವಾರ್ ಹೋಟೆಲು ತೆರೆಯಿತು. ಗ್ರ್ಯಾಂಡ್‌ವ್ಯೂವಿನ ವ್ಯಾಪಾರ ಮುಗಿಯಿತು. ನೋಟ ಮಾತ್ರ ಇಂದಿಗೂ ಅಲ್ಲಿ ಹಾಗೆಯೇ ಇದೆ, ಜನ ಕಡಿಮೆ.

ಆ ಕಾಲದ ಇನ್ನೊಂದು ಕಥೆ ಆಡಳಿತದಲ್ಲಿದ್ದವರಿಗೆ ಹೆಚ್ಚು ಹಿಡಿಸುತ್ತದೆ. ಕಮರಿಯೊಳಕ್ಕೆ ಇಳಿಯುವ ಬ್ರೈಟ್ ಏಂಜೆಲ್ ಕಾಲುದಾರಿಗೆ ರಾಲ್ಫ್ ಕ್ಯಾಮೆರಾನ್ ಎಂಬಾತ ಒಂದು ಡಾಲರ್ ಸುಂಕ ವಸೂಲಿ ಮಾಡುತ್ತಿದ್ದ. 1919ರಲ್ಲಿ ಉದ್ಯಾನ ರಾಷ್ಟ್ರದ ಆಸ್ತಿಯಾದರೂ ದಾರಿ ಕೈಗೆ ಬರಲಿಲ್ಲ. ಆತ ಸೆನೆಟರ್ ಕೂಡ ಆಗಿಬಿಟ್ಟಿದ್ದ. ಉದ್ಯಾನದವರು 1924–25ರಲ್ಲಿ ಸೌತ್ ಕೈಬಾಬ್ ಎಂಬ ಬೇರೊಂದು ದಾರಿಯನ್ನೇ ಕಡಿದು ಸುಂಕವಿಲ್ಲದೆ ತೆರೆದರು. 1928ರಲ್ಲಿ ಹಳೆಯ ದಾರಿಯೂ ಸರ್ಕಾರದ ವಶವಾಯಿತು. ಏಕಸ್ವಾಮ್ಯವನ್ನು ಮುರಿಯಲು ಕಾನೂನಿಗಿಂತ ಪಿಕಾಸಿ ಬೇಗ ಕೆಲಸ ಮಾಡಿತು.

ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಕೆಳಗಿನ ಫ್ಯಾಂಟಮ್ ರ‍್ಯಾಂಚ್ ಬಳಿ ಹರಿಯುವ ನದಿ ಬೆಂಗಳೂರಿಗಿಂತ ತಗ್ಗು. ಒಂದೇ ನೋಟದಲ್ಲಿ ಇಷ್ಟು ಅಂತರ ಅಡಗಿದೆಯೆಂದು ಕಣ್ಣು ಒಪ್ಪುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಕುಳಿತು, ಕೆಳಗಿನ ಕಾಲುದಾರಿಯಲ್ಲಿ ಹೇಸರಗತ್ತೆಗಳ ಸಾಲು ಎಳ್ಳಿನಂತೆ ಸರಿಯುವುದನ್ನು ನೋಡಿದ ಮೇಲೆ ಅಳತೆ ಹತ್ತತೊಡಗುತ್ತದೆ. ಒಂದೇ ದಿನದಲ್ಲಿ ಬಂದು ಹೋಗುವವರಿಗೆ ಆ ಅರ್ಧ ಗಂಟೆ ಸಿಗುವುದು ಕಷ್ಟ.

ಅಂಚಿನ ಉದ್ದಕ್ಕೂ ಉಚಿತ ಬಸ್ಸುಗಳಿವೆ. ಮಂಡಿನೋವಿನವರು ಒಂದು ನಿಲ್ದಾಣದಲ್ಲಿ ಇಳಿದು ಕುಳಿತು ಮುಂದಿನ ಬಸ್ಸು ಹಿಡಿಯಬಹುದು. ಪೂರ್ವಕ್ಕೆ ಸುಮಾರು 40 ಕಿ.ಮೀ. ಹೋದರೆ ಡೆಸರ್ಟ್ ವ್ಯೂ ಎಂಬಲ್ಲಿ ವಾಸ್ತುಶಿಲ್ಪಿ ಮೇರಿ ಕೋಲ್ಟರ್ 1932ರಲ್ಲಿ ಕಟ್ಟಿಸಿದ ಕಲ್ಲಿನ ಗೋಪುರವಿದೆ. ನದಿ ಚೆನ್ನಾಗಿ ಕಾಣುವುದು ಅಲ್ಲಿ. ಹಳ್ಳಿಯೆಂದು ಕರೆಯುವ ನಡುಭಾಗದ ನೂಕುನುಗ್ಗಲಿಗೆ ಬೇಸತ್ತವರು ಸಂಜೆ ಆ ಕಡೆಗೆ ಹೋಗಲಿ.

ನನಗೆ ಅತ್ಯಂತ ಪ್ರಿಯವಾದದ್ದು ‘ಟ್ರೇಲ್ ಆಫ್ ಟೈಮ್’, 2010ರಲ್ಲಿ ತೆರೆದ ಸಮತಟ್ಟಾದ ನಡಿಗೆ ದಾರಿ. ಅಲ್ಲಿ ಒಂದು ಮೀಟರೆಂದರೆ ಹತ್ತು ಲಕ್ಷ ವರ್ಷ. ಮನುಷ್ಯಕುಲದ ಮೂರು ಲಕ್ಷ ವರ್ಷ ಒಂದು ಅಡಿಯಷ್ಟರಲ್ಲಿ ಮುಗಿದುಹೋಗುತ್ತದೆ. 270 ಮೀಟರ್ ನಡೆದರೆ ನಾವು ನಿಂತಿರುವ ಸುಣ್ಣಕಲ್ಲಿನ ವಯಸ್ಸು. ಕಮರಿಯ ತಳದ ಅತಿ ಹಳೆಯ ಶಿಲೆಗೆ 1,840 ಮೀಟರ್ ನಡೆಯಬೇಕು. ಆ ತಳದ ಶಿಲೆಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ‘ವಿಷ್ಣು’. ಎದುರಿಗೆ ಕಾಣುವ ಶಿಖರಗಳಲ್ಲಿ ವಿಷ್ಣು ದೇಗುಲ, ಬ್ರಹ್ಮ ದೇಗುಲ, ಶಿವ ದೇಗುಲ, ರಾಮ, ಕೃಷ್ಣ, ಬುದ್ಧ ಎಲ್ಲರೂ ಇದ್ದಾರೆ. 1880ರ ದಶಕದಲ್ಲಿ ಇಲ್ಲಿ ಸರ್ವೆ ನಡೆಸಿದ ಕ್ಲಾರೆನ್ಸ್ ಡಟನ್ ಈ ರೂಢಿ ಆರಂಭಿಸಿದ. ನಮ್ಮವರಲ್ಲಿ ಕೆಲವರು ಇದನ್ನು ಕೇಳಿದೊಡನೆ ಪುರಾತನ ಭಾರತದ ಕುರುಹು ಹುಡುಕಲು ಹೊರಡುತ್ತಾರೆ. ಹಾಗೇನೂ ಇಲ್ಲ; ಗುಡಿಗೋಪುರದ ಆಕಾರ ಕಂಡ ಅಧಿಕಾರಿಯೊಬ್ಬನ ಓದಿನ ಫಲ ಅದು. ಹೆಮ್ಮೆ ಬೇಕಾದವರಿಗೆ ಬೇರೊಂದು ಕಾರಣವಿದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಈ ವಿಷ್ಣು ಶಿಲೆಗಿಂತ ನೂರು ಕೋಟಿ ವರ್ಷಕ್ಕೂ ಹಿರಿಯದು. ಅದರ ಮೇಲೆ ನಾವು ಕಡಲೆಕಾಯಿ ಸಿಪ್ಪೆ ಎಸೆದು ಬರುತ್ತೇವೆ.

ಮರುವರ್ಷ ಹೋದಾಗ ಮೊಮ್ಮಗನ ಹಟಕ್ಕೆ ಪಶ್ಚಿಮದ ಗಾಜಿನ ಸೇತುವೆಯನ್ನೂ ನೋಡಿದೆವು. 2007ರ ಮಾರ್ಚಿನಲ್ಲಿ ತೆರೆದ ಈ ‘ಸ್ಕೈವಾಕ್’ ಅಂಚಿನಿಂದ 21 ಮೀಟರ್ ಹೊರಕ್ಕೆ ಚಾಚಿಕೊಂಡಿದೆ. ಮೊಮ್ಮಗ ಕುಣಿದ, ನನ್ನ ಹೆಂಡತಿ ಕಂಬಿ ಬಿಡಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಅಲ್ಲಿ ಕಮರಿ ಕಿರಿದು, ದಕ್ಷಿಣದಲ್ಲಿ ಕಾಣುವ ಆ ಪದರ ಪದರವಾದ ವಿಸ್ತಾರವಿಲ್ಲ. ನೋಟವೊಂದನ್ನೇ ಅಳೆದರೆ ದಕ್ಷಿಣಕ್ಕೆ ಸಾಟಿಯಲ್ಲ ಎಂದೇ ನನ್ನ ಮತ.

ಆದರೆ ‘ಅದು ನಕಲಿ, ದುಡ್ಡು ಹೊಡೆಯುವ ಜಾಗ’ ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಪಶ್ಚಿಮದ ಅಂಚು ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದಲ್ಲ; ಹುವಾಲಪಾಯ್ ಎಂಬ ಮೂಲನಿವಾಸಿಗಳ ನೆಲ. 1874ರಲ್ಲಿ ಸೈನ್ಯ ಇವರನ್ನು ಕೊಲರಾಡೊ ನದಿಯ ಕೆಳಪಾತ್ರದ ಲಾ ಪಾಸ್‌ಗೆ ಅಟ್ಟಿತು. ಅನೇಕರು ಸತ್ತರು, ಉಳಿದವರು ಹಿಂದಿರುಗಿ ಬಂದರು. 1883ರಲ್ಲಿ ಮೀಸಲು ಪ್ರದೇಶವಾಯಿತು. ಅದರೊಳಗಿನ ಜಮೀನು ತನ್ನದೆಂದು ರೈಲ್ವೆ ಕಂಪನಿ ಹಕ್ಕು ಸಾಧಿಸಿತು. ಪ್ರವಾಸಿಗಳನ್ನು ದಕ್ಷಿಣದ ಅಂಚಿಗೆ ಕರೆತಂದ ಅದೇ ಸಾಂಟಾ ಫೆ ಬಳಗದ ಕಂಪನಿ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1941ರಲ್ಲಿ ತೀರ್ಪು ಬಂತು: ಕಾಗದಪತ್ರವಿಲ್ಲದಿದ್ದರೂ, ಒಂದು ಬುಡಕಟ್ಟು ತಲೆತಲಾಂತರದಿಂದ ತಾನೇ ನೆಲೆಸಿರುವ ಭೂಮಿಯ ಮೇಲೆ ಅದಕ್ಕೆ ಹಕ್ಕುಂಟು. ಕಂದಾಯ ಇಲಾಖೆಯಲ್ಲಿ ಸ್ವಾಧೀನಾನುಭವದ ಕಡತಗಳನ್ನೇ ಉಂಡು ಮಲಗಿದ ನನಗೆ ಆ ತೀರ್ಪಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಅರಣ್ಯ ಹಕ್ಕು ಕಾಯ್ದೆಗೆ 2006ರವರೆಗೆ ಕಾಯಬೇಕಾಯಿತು.

ಎರಡು ಸಾವಿರಕ್ಕೆ ತುಸು ಮೇಲ್ಪಟ್ಟ ಜನ, ಬೆಳೆ ಬಾರದ ನೆಲ, ಮಾರುವುದಕ್ಕೆ ನೋಟವೊಂದೇ. ಅವರು ಅದನ್ನೇ ಮಾರಿದರು. ಲಾಸ್ ವೇಗಸ್‌ನ ಉದ್ಯಮಿಯೊಬ್ಬ ಹಣ ಹಾಕಿ ಸೇತುವೆ ಕಟ್ಟಿದ. ಲೆಕ್ಕದ ಜಗಳ ಹುಟ್ಟಿತು. 2012ರಲ್ಲಿ ಬುಡಕಟ್ಟಿನ ಪರಿಷತ್ತು ಸಾರ್ವಜನಿಕ ಉದ್ದೇಶಕ್ಕೆಂದು ಆತನ ಒಪ್ಪಂದವನ್ನೇ ಭೂಸ್ವಾಧೀನದ ಮಾದರಿಯಲ್ಲಿ ವಶಪಡಿಸಿಕೊಂಡಿತು. ಅದೇ ವರ್ಷ ಮಧ್ಯಸ್ಥಿಕೆಯ ತೀರ್ಪು ಬುಡಕಟ್ಟಿನ ಸಂಸ್ಥೆಯ ವಿರುದ್ಧ ಬಂದು, ಸುಮಾರು 2.8 ಕೋಟಿ ಡಾಲರ್ ಕೊಡಬೇಕೆಂದಿತು. ಯಾರು ಸರಿ ಎಂಬುದು ಹಾಗಿರಲಿ. ನೂರಾರು ವರ್ಷ ತಮ್ಮ ಭೂಮಿಯನ್ನು ‘ಸಾರ್ವಜನಿಕ ಉದ್ದೇಶ’ಕ್ಕೆ ಕಳೆದುಕೊಂಡವರು ಆ ಅಸ್ತ್ರವನ್ನು ತಾವೂ ಎತ್ತಿಕೊಂಡ ಪರಿ ನೋಡಿ. ಪಶ್ಚಿಮಕ್ಕೆ ಹೋಗುವವರು ಟಿಕೆಟ್ಟಿನ ಹಣ ಯಾರಿಗೆ ಸಲ್ಲುತ್ತದೆಂದು ತಿಳಿದು ಹೋದರೆ ಅಷ್ಟು ಗೊಣಗಲಾರರು.

ಅವರ ನೆರೆಯ ಹವಾಸುಪಾಯ್ ಜನರದು ಇನ್ನೂ ಕಹಿಯಾದ ಚರಿತ್ರೆ. ಬ್ರೈಟ್ ಏಂಜೆಲ್ ದಾರಿಯ ನಡುವಿನ ಹಸಿರು ತಾಣದಲ್ಲಿ ಅವರು ಬೇಸಾಯ ಮಾಡುತ್ತಿದ್ದರು. ಉದ್ಯಾನವಾದ ಮೇಲೆ ಅಲ್ಲಿದ್ದ ಕೊನೆಯವನನ್ನು 1928ರಲ್ಲಿ ಹೊರಹಾಕಲಾಯಿತು. ಆ ತಾಣಕ್ಕೆ ಬಹುಕಾಲ ‘ಇಂಡಿಯನ್ ಗಾರ್ಡನ್’ ಎಂಬ ಹೆಸರಿತ್ತು. 2022ರಲ್ಲಿ ‘ಹವಾಸುಪಾಯ್ ಗಾರ್ಡನ್ಸ್’ ಎಂದಾಯಿತು. ಅವರ ಸುಪಾಯ್ ಹಳ್ಳಿಗೆ ರಸ್ತೆಯಿಲ್ಲ, ಅಂಚೆ ಇಂದಿಗೂ ಹೇಸರಗತ್ತೆಯ ಮೇಲೆ ಹೋಗುತ್ತದೆ. ನೀಲಿ ಜಲಪಾತದ ಚಿತ್ರ ನೋಡಿ ಆಸೆಪಡುವವರಿಗೆ ತಿಳಿದಿರಲಿ: ಹಳ್ಳಿಗೇ 13 ಕಿ.ಮೀ. ನಡಿಗೆ, ಜಲಪಾತ ಅದರಾಚೆ. ಅದನ್ನು ಮಕ್ಕಳಿಗೆ ಬಿಡೋಣ.

ಈ ಆಯ್ಕೆಯ ಲೆಕ್ಕವನ್ನು ಈಗ ಒಂದು ಹೊಸ ಸಂಗತಿ ಬದಲಿಸಿದೆ. 2025ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ನಿಯಮದಂತೆ, 2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನ್ಯನ್ ಸೇರಿದಂತೆ 11 ರಾಷ್ಟ್ರೀಯ ಉದ್ಯಾನಗಳಲ್ಲಿ ಆ ದೇಶದ ನಿವಾಸಿಗಳಲ್ಲದವರು ಮಾಮೂಲಿ ಪ್ರವೇಶಧನದ ಮೇಲೆ ತಲಾ 100 ಡಾಲರ್ ಕೊಡಬೇಕು. 250 ಡಾಲರಿನ ವಾರ್ಷಿಕ ಪಾಸು ಇದ್ದರೆ ಈ ಹೆಚ್ಚುವರಿ ಇಲ್ಲ. ಅಲ್ಲಿಯವರೆಗೆ ಇಡೀ ಕಾರಿಗೆ ಏಳು ದಿನಕ್ಕೆ 35 ಡಾಲರ್ ಆಗುತ್ತಿತ್ತು. ಮಗಳ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಹೋಗುವ ನಮ್ಮಂಥ ದಂಪತಿಗೆ ಇದು ಸಣ್ಣ ಮೊತ್ತವಲ್ಲ. ಅನ್ಯಾಯವೆಂದು ಕೂಗುವ ಮೊದಲು ಹಂಪಿಯ ವಿಠ್ಠಲ ದೇಗುಲದ ಟಿಕೆಟ್ ಕಿಂಡಿಯಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಎಂಬ ಫಲಕವನ್ನು ನೆನೆಯಬೇಕು. ತೆರಿಗೆ ಕಟ್ಟಿ ಸಾಕುವವನಿಗೆ ಕಡಿಮೆ ದರ ಎಂಬ ವಾದ ಇಬ್ಬರಿಗೂ ಒಂದೇ. ಈ ಶುಲ್ಕ ಹುವಾಲಪಾಯ್ ನೆಲಕ್ಕೆ ಅನ್ವಯಿಸುವುದಿಲ್ಲ. ಉದ್ಯಾನದ ಪಾಸು ಅಲ್ಲಿ ನಡೆಯುವುದೂ ಇಲ್ಲ. ಪಶ್ಚಿಮದ ಸಾಪೇಕ್ಷ ಬೆಲೆ ಇಳಿದಿದೆ ಎಂದಾಯಿತು. ಆದರೂ ಒಂದೇ ಸಲ ಹೋಗುವವರಿಗೆ ನನ್ನ ಸಲಹೆ ದಕ್ಷಿಣವೇ, ರಾತ್ರಿ ಅಲ್ಲೇ ತಂಗುವುದೇ. ಕೋಣೆ ಕಾಯ್ದಿರಿಸುವ ಮುನ್ನ ನೀರಿನ ಸ್ಥಿತಿ ವಿಚಾರಿಸಿ. ದಕ್ಷಿಣದ ನಲ್ಲಿಗಳಿಗೆ ನೀರು ಬರುವುದು ಉತ್ತರದ ಅಂಚಿನ ಕೆಳಗಿನ ಬುಗ್ಗೆಯಿಂದ, 1960ರ ದಶಕದಲ್ಲಿ ಹಾಕಲಾರಂಭಿಸಿದ ಕೊಳವೆಯ ಮೂಲಕ. ಅದು ಪದೇ ಪದೇ ಒಡೆಯುತ್ತದೆ. 2024ರ ಆಗಸ್ಟಿನ ಕೊನೆಯಲ್ಲಿ ಅದೇ ಕಾರಣಕ್ಕೆ ರಾತ್ರಿ ವಾಸ್ತವ್ಯವನ್ನೇ ನಿಲ್ಲಿಸಿದ್ದರು. ಹಳೆಯ ಪೈಪಿನ ಕಾಟ ನಮ್ಮ ಜಲಮಂಡಳಿಯೊಂದಕ್ಕೇ ಅಲ್ಲ.

ಉತ್ತರದ ಅಂಚು ನಾವು ಮೂರನೆಯ ಪ್ರವಾಸಕ್ಕೆ ಇಟ್ಟುಕೊಂಡಿದ್ದ ಭಾಗ. ದಕ್ಷಿಣಕ್ಕಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರ, ದಟ್ಟ ಕಾಡು, ಚಳಿಗಾಲದಲ್ಲಿ ಹಿಮಕ್ಕೆ ರಸ್ತೆ ಮುಚ್ಚಿರುತ್ತದೆ. ಹತ್ತರಲ್ಲಿ ಒಬ್ಬ ಪ್ರವಾಸಿಯೂ ಅಲ್ಲಿಗೆ ಹೋಗುವುದು ಕಷ್ಟ. ಬಿಳಿ ಬಾಲದ ಕೈಬಾಬ್ ಅಳಿಲು ಇರುವುದು ಆ ಕಡೆ ಮಾತ್ರ. ದಕ್ಷಿಣದ ಅದರ ದಾಯಾದಿಯ ರೂಪವೇ ಬೇರೆ. ಅಂಚಿನ ತುದಿಯಲ್ಲಿ, ದೊಡ್ಡ ಕಿಟಕಿಗಳ ಹಳೆಯ ಲಾಡ್ಜ್ ಇತ್ತು. 1928ರಲ್ಲಿ ಕಟ್ಟಿ, 1932ರಲ್ಲಿ ಸುಟ್ಟು, ಮತ್ತೆ ಎದ್ದು ನಿಂತಿದ್ದ ಕಟ್ಟಡ.

2025ರ ಜುಲೈ 4ರಂದು ಸಿಡಿಲು ಬಡಿದು ಹತ್ತಿದ ಬೆಂಕಿಗೆ ‘ಡ್ರ್ಯಾಗನ್ ಬ್ರಾವೊ’ ಎಂದು ಹೆಸರಾಯಿತು. ಮೊದಲ ದಿನಗಳಲ್ಲಿ ಅದನ್ನು ಪೂರ್ತಿ ಆರಿಸದೆ, ಎಲ್ಲೆ ಕಟ್ಟಿ ಉರಿಯಗೊಡುವ ಕ್ರಮ ಅನುಸರಿಸಿದರು. ಒಣಸೊಪ್ಪು ಸುಟ್ಟು ಹೋದರೆ ಮುಂದಿನ ದೊಡ್ಡ ಬೆಂಕಿ ತಪ್ಪುತ್ತದೆ ಎಂಬ ಸಿದ್ಧಾಂತದಲ್ಲಿ ಹುರುಳಿದೆ. ಆದರೆ ಮಳೆ ಬೀಳುವ ಮೊದಲಿನ ಒಣ ದಿನಗಳಲ್ಲಿ, ನೂರು ವರ್ಷದ ಕಟ್ಟಡಗಳ ಪಕ್ಕದಲ್ಲಿ ಅದನ್ನು ಪರೀಕ್ಷಿಸಿದ್ದು ನನ್ನ ಬುದ್ಧಿಗೆ ನಿಲುಕದು. ಗಾಳಿ ತಿರುಗಿತು, ಜುಲೈ 12ರ ರಾತ್ರಿ ಕಳೆಯುವಷ್ಟರಲ್ಲಿ ಲಾಡ್ಜ್ ಬೂದಿಯಾಯಿತು. ಒಟ್ಟು 1.45 ಲಕ್ಷ ಎಕರೆ ಸುಟ್ಟಿತು. ಅರಿಜೋನಾ ಗವರ್ನರ್ ಸ್ವತಂತ್ರ ತನಿಖೆ ಕೇಳಿದರು. ಆ ಋತುವಿನ ಉಳಿದ ಬಹುಪಾಲು ಅವಧಿ ಉತ್ತರದ ಅಂಚು ಮುಚ್ಚಿತ್ತು.

ಸೆಪ್ಟೆಂಬರಿಗೆ ನಾವು ಕಾಯ್ದಿರಿಸಿದ್ದ ಕೋಣೆಯ ಹಣ ಪೂರ್ತಿ ವಾಪಸು ಬಂತು. ಆ ಬಿಳಿ ಬಾಲದ ಅಳಿಲು ಬದುಕುವುದು ಪಾಂಡೆರೋಸಾ ಪೈನ್ ಮರಗಳನ್ನು ನಂಬಿ. ಎಷ್ಟು ಮರ ಉಳಿದಿವೆಯೆಂದು ಮಗಳನ್ನು ಫೋನಿನಲ್ಲಿ ಆಗಾಗ ಕೇಳುತ್ತೇನೆ. ‘ಅಪ್ಪ, ಅವರೇ ಇನ್ನೂ ಎಣಿಸುತ್ತಿದ್ದಾರೆ’ ಎನ್ನುತ್ತಾಳೆ.