ವೈನರಿ ನೋಡಲು ಹೊರಡುವ ಮುನ್ನ

ಆಲೆಮನೆಯ ಮುಂದೆ ಗಾಡಿ ನಿಲ್ಲಿಸಿ, ಬಿಸಿ ಬೆಲ್ಲದ ರುಚಿ ನೋಡಿ, ಮನೆಗೊಂದಿಷ್ಟು ಅಚ್ಚುಬೆಲ್ಲ ಕಟ್ಟಿಸಿಕೊಂಡು ಬರುವುದು ಮಂಡ್ಯ, ಮದ್ದೂರು, ಮಳವಳ್ಳಿಯ ಜನರಿಗೆ ಹೊಸದಲ್ಲ. ಈಗ ಅದೇ ಬಗೆಯ ಇನ್ನೊಂದು ಪ್ರವಾಸ ರೂಢಿಗೆ ಬಂದಿದೆ. ಅದು ವೈನರಿ ಭೇಟಿ. ದ್ರಾಕ್ಷಿ ತೋಟ ಸುತ್ತಿ, ಹಣ್ಣು ತುಳಿದು, ತಣ್ಣನೆಯ ಕೋಣೆಯಲ್ಲಿ ಸಾಲಾಗಿಟ್ಟ ಪೀಪಾಯಿಗಳನ್ನು ಕಂಡು, ಕೊನೆಗೆ ನಾಲ್ಕೈದು ಬಗೆಯ ವೈನ್ ರುಚಿ ನೋಡಿ ಬರುವುದು ಇದರ ಕ್ರಮ.

ದ್ರಾಕ್ಷಿಗೆ ಹಗಲಿನ ಬಿಸಿಲು, ರಾತ್ರಿಯ ತಂಪು ಎರಡೂ ಬೇಕು. ಬಿಸಿಲು ಸಿಹಿಯನ್ನು ಕೂಡಿಸುತ್ತದೆ, ತಂಪು ಹುಳಿಯನ್ನು ಉಳಿಸುತ್ತದೆ. ಯುರೋಪಿನ ಚಳಿ ಸೀಮೆಗಳು ವೈನ್‌ಗೆ ಹೆಸರಾದದ್ದು ಹೀಗೆ. ನಮ್ಮಲ್ಲಿ ನಂದಿಬೆಟ್ಟದ ತಪ್ಪಲಿನ ಹವೆಯನ್ನು ನೆಚ್ಚಿಕೊಂಡು 1988ರಲ್ಲಿ ಗ್ರೋವರ್ ಸಂಸ್ಥೆ ಆರಂಭವಾಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ಚನ್ನಪಟ್ಟಣದ ಬಳಿಯೂ ಹೆರಿಟೇಜ್ ವೈನರಿ ಇದೆ. ಹೋಗಿ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಆರೋಗ್ಯದ ದೃಷ್ಟಿಯಿಂದ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

ಹಣ್ಣಿನ ರಸವೇ ತಾನೇ?

ಹಾಗೆಂದು ನಂಬಿದವರು ಬಹಳ. ಎಂದೂ ಮದ್ಯ ಮುಟ್ಟದವರು ಕೂಡ ‘ಇದು ದ್ರಾಕ್ಷಿಯದು, ಏನಾಗದು’ ಎಂದು ಲೋಟ ಎತ್ತುವುದುಂಟು. ಕಬ್ಬಿನ ಕಾಕಂಬಿಯಿಂದ ಮದ್ಯಸಾರ ಬರುತ್ತದೆಂಬುದನ್ನು ಸಕ್ಕರೆ ಕಾರ್ಖಾನೆಗಳ ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ. ಕಾಕಂಬಿಯಿಂದ ಬಂದದ್ದೂ ದ್ರಾಕ್ಷಿಯಿಂದ ಬಂದದ್ದೂ ಒಂದೇ ಈಥೈಲ್ ಆಲ್ಕೋಹಾಲ್. ಅದು ಯಾವ ಹಣ್ಣಿನ ಮನೆಯಿಂದ ಬಂತೆಂದು ನಿಮ್ಮ ಯಕೃತ್ತು ವಿಚಾರಿಸುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ರುಚಿಗೆಂದು ಒಂದೊಂದು ಬಗೆಯನ್ನು 30 ಮಿಲಿಲೀಟರ್‌ನಂತೆ ಕೊಟ್ಟರೆ ಐದು ಬಗೆಗೆ 150 ಮಿಲಿಲೀಟರ್ ಆಯಿತು. ಶೇಕಡ 12ರ ವೈನ್ ಆದರೆ ಇದರಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಮಿಲಿಲೀಟರ್ ವಿಸ್ಕಿಯ ಒಂದು ಪೆಗ್‌ನಲ್ಲಿರುವುದು ಸುಮಾರು 10 ಗ್ರಾಂ ಮಾತ್ರ! ‘ಬರೀ ರುಚಿ ನೋಡಿದೆ’ ಎನ್ನುವವರು ಇದನ್ನು ನೆನಪಿಡಬೇಕು. ಸಿಹಿ ವೈನ್‌ನಲ್ಲಿ ಸಕ್ಕರೆಯು ಮದ್ಯದ ಖಾರವನ್ನು ಮರೆಮಾಡುವುದರಿಂದ ಎಷ್ಟು ಕುಡಿದೆವೆಂಬುದೂ ತಿಳಿಯುವುದಿಲ್ಲ.

ಹೃದಯಕ್ಕೆ ಒಳ್ಳೆಯದೇ?

ಬೆಣ್ಣೆ, ಗಿಣ್ಣು ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದಯಾಘಾತ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬ ಮಾತು 1991ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಿಂದ ಲೋಕಪ್ರಸಿದ್ಧವಾಯಿತು. ಮಿತವಾಗಿ ಕುಡಿಯುವವರು ಹಲವು ವೇಳೆ ಹೆಚ್ಚು ಅನುಕೂಲಸ್ಥರು, ಊಟ, ವ್ಯಾಯಾಮ, ಚಿಕಿತ್ಸೆಗಳಲ್ಲೂ ಮುಂದಿರುವವರು. ಕಾಯಿಲೆಯ ಕಾರಣ ಕುಡಿತ ಬಿಟ್ಟವರನ್ನೂ ‘ಕುಡಿಯದವರು’ ಎಂದು ಎಣಿಸಿದ ಅಧ್ಯಯನಗಳಿದ್ದವು. ಇವನ್ನೆಲ್ಲ ಸರಿಪಡಿಸಿ ನೋಡಿದಾಗ ವೈನ್‌ನ ಹಿರಿಮೆ ಬಹುಮಟ್ಟಿಗೆ ಕರಗಿತು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಅಂಶ ವೈನ್‌ನಲ್ಲಿರುವುದು ತೀರಾ ಅಲ್ಪ.

ಇನ್ನೊಂದೆಡೆ, ಮದ್ಯಪಾನೀಯಗಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸಾರಿತು. ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಕುಡಿಯದವರು ಆರೋಗ್ಯಕ್ಕೆಂದು ವೈನ್ ಆರಂಭಿಸಬೇಕಾಗಿಲ್ಲ. ದ್ರಾಕ್ಷಿಯನ್ನೇ ತಿನ್ನಿ.

ಯಾರು ಮುಟ್ಟಬಾರದು?

ಗರ್ಭಿಣಿಯರು ಒಂದು ಗುಟುಕನ್ನೂ ಕುಡಿಯಬಾರದು. ಮಕ್ಕಳಿಗೆ ‘ನಾಲಿಗೆಗೆ ತಾಗಿಸುವ’ ಹುಡುಗಾಟ ಬೇಡ. ಕಾಮಾಲೆ, ಯಕೃತ್ತಿನ ತೊಂದರೆ, ಮೂರ್ಛೆರೋಗ ಇರುವವರು ದೂರವಿರಲಿ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಹೊಟ್ಟೆ ಖಾಲಿಯಿದ್ದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಗ ಬರುವ ತೂಕಡಿಕೆ, ತೊದಲು ಮಾತನ್ನು ಅಮಲೆಂದು ಸುತ್ತಲಿನವರು ತಿಳಿದುಬಿಟ್ಟರೆ ಪ್ರಾಣಕ್ಕೇ ಕುತ್ತು. ಆಮಶಂಕೆಗೆ ಮೆಟ್ರೋನಿಡಜೋಲ್ ನುಂಗುತ್ತಿರುವವರು, ನಿದ್ರೆ ಮಾತ್ರೆ ಸೇವಿಸುವವರು ಸಹ ಮುಟ್ಟಬಾರದು. ವೈನ್ ಕೆಡದಂತೆ ಬಳಸುವ ಗಂಧಕದ ಅಂಶದಿಂದ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ಕೆರಳುತ್ತದೆ.

ಕುಡಿತ ಬಿಡಲು ಹೆಣಗುತ್ತಿರುವವರು ಮನೆಯಲ್ಲಿದ್ದರೆ ಈ ಪ್ರವಾಸವನ್ನೇ ಕೈಬಿಡಿ. ‘ಸಾರಾಯಿ ಬೇಡ, ವೈನ್ ಆದರೆ ಪರವಾಗಿಲ್ಲ’ ಎಂಬ ರಾಜಿಯಿಂದ ಚಟ ಮತ್ತೆ ಹೆಡೆಯೆತ್ತುತ್ತದೆ. ಇಂಥವರ ಬಗೆಗೆ ಸಲಹೆ ಬೇಕಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು.

ಹುದುಗುವ ತೊಟ್ಟಿಯ ಬಳಿ

ರಸ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದು ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಪಾಳುಬಾವಿಗೆ ಇಳಿಯುವ ಮೊದಲು ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದುದು ಇಂಥ ಕೆಟ್ಟ ಗಾಳಿಗೆ ಹೆದರಿಯೇ. ತೊಟ್ಟಿಯೊಳಕ್ಕೆ ಬಗ್ಗಿ ಮೂಸಬೇಡಿ, ಮಕ್ಕಳ ಕೈ ಬಿಡಬೇಡಿ.

ವಾಪಸಾಗುವ ದಾರಿ

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ವಾಹನಗಳ ವೇಗ ನಿಮಗೆ ಗೊತ್ತೇ ಇದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ನಡೆಸಿದರೆ ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆಮನೆ, 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಮೇಲೆ ಹೇಳಿದ ಐದು ಬಗೆ ರುಚಿ ನೋಡಿದರೆ ಈ ಗೆರೆಯನ್ನು ದಾಟಬಹುದು. ಹೆಂಗಸರ ಶರೀರದಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಅವರಲ್ಲಿ ಮಟ್ಟ ಇನ್ನೂ ಹೆಚ್ಚು. ಯಕೃತ್ತು ಗಂಟೆಗೆ ಕರಗಿಸುವುದು ಏಳೆಂಟು ಗ್ರಾಂ ಅಷ್ಟೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರವು.

ಆದ್ದರಿಂದ ಚಾಲಕ ಯಾರೆಂದು ಮನೆಯಲ್ಲೇ ತೀರ್ಮಾನಿಸಿ, ಅವರು ಒಂದು ಹನಿಯನ್ನೂ ಮುಟ್ಟದಿರಲಿ. ರುಚಿ ನೋಡುವವರು ಹೊಟ್ಟೆತುಂಬ ಊಟ ಮಾಡಿ ಹೋಗಲಿ. ಮದ್ದೂರಲ್ಲಿ ತಿಂದ ಒಂದು ವಡೆ ಊಟವಾಗದು. ನಡುನಡುವೆ ನೀರು ಕುಡಿಯಲಿ. ವೈನ್ ಪರೀಕ್ಷೆಯನ್ನೇ ಕಸುಬಾಗಿ ಮಾಡುವವರು ಬಾಯಲ್ಲಾಡಿಸಿ ಉಗುಳಿಬಿಡುತ್ತಾರೆ. ಅದಕ್ಕೊಂದು ಪಾತ್ರೆ ಕೇಳಿ ಇಟ್ಟುಕೊಳ್ಳಿ, ಸಂಕೋಚ ಬೇಡ. ‘ನನಗೆ ಬೇಡ’ ಎಂದವರನ್ನು ಯಾರೂ ಬಲವಂತ ಮಾಡದಿರಲಿ.